ಹುಳವಿಲ್ಲದ ಮೀನು

ಹೋದ ತಿಂಗಳು ತುಮಕೂರಿನಲ್ಲಿ ಮೀನು ತರಲು ಹೋಗಿದ್ದೆ. ಅಂಗಡಿಯ ಪಕ್ಕದಲ್ಲೇ ಯಾರೋ ಮನೆ ಕಟ್ಟಿಸುತ್ತಿದ್ದರು. ರಾಶಿ ಹಾಕಿದ್ದ ಎಂ ಸ್ಯಾಂಡಿಗೆ ಒಬ್ಬ ಪೈಪಿನಿಂದ ನೀರು ಬಿಡುತ್ತಿದ್ದ. ಮೀನಿನ ವಾಸನೆಯೂ ಒದ್ದೆ ಕಲ್ಲುಪುಡಿಯ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಚೀಲ ಮಡಚಿಕೊಂಡು ಹೊರಗೆ ಬಂದುಬಿಟ್ಟೆ. "ಯಾಕ್ ಮೇಡಂ, ಫ್ರೆಶ್ಶಾಗೇ ಐತಲ್ಲ" ಎಂದು ಅಂಗಡಿಯವನು ಹಿಂದಿನಿಂದ ಕೂಗಿದ. ಅವನ ಮೀನಿನ ಮೇಲೆ ನನ್ನ ದೂರಿರಲಿಲ್ಲ. ಆ ಎರಡು ವಾಸನೆ ಒಟ್ಟಿಗೆ ಬಂದರೆ ಮಧುಗಿರಿಯಲ್ಲಿ ಕಳೆದ ಒಂದು ಹಿಂಗಾರು ನೆನಪಾಗುತ್ತದೆ, ಆಮೇಲೆ ಎರಡು ದಿನ ಊಟ ಸೇರುವುದಿಲ್ಲ.

ನಾನು ಅನುಮಾನದ ಹೆಂಗಸು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತರಕಾರಿಯವನು ಸರಿಯಾಗಿ ತೂಗಿದರೂ ತಕ್ಕಡಿಯ ತಳ ನೋಡುತ್ತೇನೆ. ಡಾಕ್ಟರು ಏನೂ ಇಲ್ಲ ಎಂದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳುತ್ತೇನೆ. "ಹುಟ್ಟಿದ್ ತಕ್ಷಣ ನರ್ಸಮ್ಮನ್ನೇ ಗುರಾಯಿಸ್ದೋಳು ನೀನು" ಎಂದು ನಮ್ಮಮ್ಮ ಈಗಲೂ ರೇಗಿಸುತ್ತಾರೆ. ಪ್ರಾಣಿಶಾಸ್ತ್ರ ಓದಿದ ಮೇಲೆ ಈ ಗುಣಕ್ಕೆ ಒಂದು ಭೂತಗನ್ನಡಿಯೂ ಸಿಕ್ಕಿತು. ಓದು ಮುಗಿಸಿ ಕೆಲಸವಿಲ್ಲದೆ ಕೂತಿದ್ದಾಗ ನದಿಮೀನುಗಳ ಸಮೀಕ್ಷೆಗೆ ಆರು ತಿಂಗಳ ಮಟ್ಟಿಗೆ ಜನ ಬೇಕೆಂಬ ಜಾಹೀರಾತು ಬಂತು. ಇದರಲ್ಲೂ ಏನೋ ಮೋಸ ಇರಬೇಕು ಎಂದುಕೊಂಡೇ ಸೇರಿದೆ.

ಜಯಮಂಗಲಿ ತುಂಬಿ ಹರಿದ ವರ್ಷ ಅದು. ಎಷ್ಟೋ ಕಾಲ ಬರೀ ಮರಳಾಗಿ, ಆಮೇಲೆ ಆ ಮರಳೂ ಲಾರಿ ಹತ್ತಿ ಹೋಗಿ, ಜಾಲಿಗಿಡ ಬೆಳೆದು ಬಿದ್ದಿದ್ದ ನದಿಗೆ ಉತ್ತರೆ ಮಳೆಯಲ್ಲಿ ನೀರು ಬಂತು. ಕೊರಟಗೆರೆ ಕಡೆಯಿಂದ ಕೆಂಪು ನೀರು ಬರುತ್ತಿದೆಯಂತೆ ಎಂದು ಜನ ಸೇತುವೆಗಳ ಮೇಲೆ ಫೋನ್ ಹಿಡಿದು ನಿಂತರು. ಹಸ್ತ ಮಳೆಯ ಹೊತ್ತಿಗೆ ನೀರು ತಿಳಿಯಾಯಿತು, ಬರದಲ್ಲೂ ಪೂರ್ತಿ ಬತ್ತದಿದ್ದ ಆಳದ ಮಡುಗಳಲ್ಲಿ ಮೀನು ಹೆಚ್ಚಾಗಿ ಕಾಣಿಸಿಕೊಂಡವು. ಹೊಲಗಳಲ್ಲಿ ಕಡಲೆಕಾಯಿ ಕೀಳುವ ಕೆಲಸ ನಡೆದಿತ್ತು. ಇಡೀ ಸೀಮೆಯಲ್ಲಿ ಎಲ್ಲರೂ ಖುಷಿಯಾಗಿದ್ದರು. ಎಲ್ಲರೂ ಒಟ್ಟಿಗೆ ಖುಷಿಯಾಗಿದ್ದರೆ ನನಗೆ ಸಮಾಧಾನವಿರುವುದಿಲ್ಲ.

ನಾನು ಸೇರಿದ ವಾರದಲ್ಲೇ ಒಂದು ವಿಡಿಯೋ ಫೋನಿನಿಂದ ಫೋನಿಗೆ ಹರಿದಾಡಿತು. ಯಾರದೋ ಅಂಗೈ ಮೇಲೆ ಒಂದು ಪಕ್ಕೆ ಮೀನು, ಅದರ ಮೈ ತುಂಬ ಸಾಸಿವೆ ಎರಚಿದ ಹಾಗೆ ಕರಿ ಚುಕ್ಕೆ. 'ಕ್ರಷರ್ ವಿಷದಿಂದ ಮಧುಗಿರಿ ಮೀನಿಗೆ ಕರಿ ಚುಕ್ಕೆ, ತಿಂದರೆ ಕ್ಯಾನ್ಸರ್ ಖಚಿತ, ಹತ್ತು ಜನಕ್ಕೆ ಕಳಿಸಿ.' ನದಿಯ ಮರಳು ಮುಗಿದ ಮೇಲೆ ಬೆಟ್ಟವನ್ನೇ ಪುಡಿ ಮಾಡಿ ಮರಳು ತೆಗೆಯುವ ಕಾಲ ಬಂದಿತ್ತಲ್ಲ, ಹಾಗೆ ಒಂದು ಕಲ್ಲುಗಣಿ ಮತ್ತು ಕ್ರಷರ್ ನದಿಯ ಎಡದಂಡೆಯ ಗುಡ್ಡದಲ್ಲಿ ಇತ್ತು. ಎಂ ಸ್ಯಾಂಡ್ ತೊಳೆದ ಬೂದಿಬಣ್ಣದ ನೀರು ಒಂದು ಹಳ್ಳದ ಮೂಲಕ ನದಿಗೆ ಇಳಿಯುತ್ತಿತ್ತು. ಹಳ್ಳ ಸೇರುವ ಜಾಗಕ್ಕಿಂತ ಮೇಲೆ ಒಂದು ದೊಡ್ಡ ಮಡು, ಕೆಳಗೆ ಇನ್ನೊಂದು. ಮೇಲಿನ ಮಡು, ಕೆಳಗಿನ ಮಡು ಎಂದೇ ಜನ ಕರೆಯುತ್ತಿದ್ದರು. ಎರಡರ ಮೀನನ್ನೂ ಕೊಯ್ದು ನೋಡಿ ವರದಿ ಕೊಡಿ ಎಂದು ನಮ್ಮ ಸಮೀಕ್ಷೆಯ ಸಾಹೇಬರು ಹೇಳಿದರು. ಅವರು ಒಳ್ಳೆಯ ಮನುಷ್ಯ, ಆದರೆ ಒಳ್ಳೆಯತನಕ್ಕಿಂತ ಬೇಗ ಮುಗಿಯುವುದು ಅವರಿಗೆ ಮುಖ್ಯ.

ಚುಕ್ಕೆ ಮೀನು ಬರುತ್ತಿದ್ದದ್ದು ಮಹಬೂಬಮ್ಮನ ಬುಟ್ಟಿಯಿಂದ. ಶಿರಾದ ಮಗಳು ಅವರು, ಮಧುಗಿರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಕೆರೆ ಮೀನು, ಹೊಳೆ ಮೀನು ತಂದು ಸಂತೆಯ ಹುಣಸೆಮರದ ಕೆಳಗೆ ಮಾರಿ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದರು. ಆ ಮರದ ಕೆಳಗಿನ ಜಾಗ ಬಿಟ್ಟರೆ ಅವರಿಗೆ ಬೇರೆ ಗತಿ ಇರಲಿಲ್ಲ. ಮೊದಲ ದಿನವೇ ಹೋಗಿ, "ಎಲ್ಲಿಂದ ತರ್ತೀರಾ ಮೀನು?" ಎಂದು ಕೇಳಿದೆ.

"ನೀರಿಂದ ಮೇಡಂ" ಎಂದರು, ಎಲೆಅಡಿಕೆಯ ಬಾಯಲ್ಲಿ ನಕ್ಕು.

"ಯಾವ ನೀರು?"

"ಅದೆಲ್ಲ ಹೇಳೋಕಾಗುತ್ತಾ? ನಾಳೆ ನನ್ ಪಕ್ಕದೋಳೂ ಅಲ್ಲಿಗೇ ಹೋಗ್ತಾಳೆ."

ಮೀನು ಮಾರುವವರು ಯಾರೂ ಮಡು ಹೇಳುವುದಿಲ್ಲ ಎಂದು ಈಗ ಗೊತ್ತು. ಆಗ ನನ್ನ ಕಿವಿ ನೆಟ್ಟಗಾಯಿತು.

ಮೀನು ಹಿಡಿದುಕೊಡಲು ನಾವು ಗೊತ್ತು ಮಾಡಿಕೊಂಡವರು ರಂಗಪ್ಪ. ಬೆಸ್ತರವರು, ಮೂಲ ಪಾವಗಡದ ನಾಗಲಮಡಿಕೆ ಕಡೆ. ಅಲ್ಲಿ ಪಿನಾಕಿನಿ ಒಣಗಿದಾಗ ಬಲೆ ಹೆಗಲಿಗೆ ಹಾಕಿಕೊಂಡು ನೀರಿದ್ದ ಕಡೆ ನಡೆದು ಬಂದವರು. ಮಾತಿನ ನಡುವೆ ತೆಲುಗು ಜಾರುತ್ತಿತ್ತು. ಮಹಬೂಬಮ್ಮನಿಗೆ ಮೀನು ಕೊಡುವವರೂ ಇವರೇ ಎಂದು ಮೂರನೇ ದಿನ ಕಂಡುಹಿಡಿದೆ. ಇಬ್ಬರೂ ಸಂತೆಯ ಮೂಲೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು, ನನ್ನನ್ನು ನೋಡಿ ನಿಲ್ಲಿಸಿದರು. ನನಗೆ ಅಷ್ಟೇ ಸಾಕಾಯಿತು.

ಮತ್ತೊಂದೂ ಇತ್ತು. ರಂಗಪ್ಪ ಮೇಲಿನ ಮಡುವಿನಲ್ಲಿ ಬಲೆ ಬೀಸುವ ಮುಂಚೆ ಪ್ರತಿಸಲ ಮೊಣಕಾಲುದ್ದ ನೀರಿಗಿಳಿದು ಬಗ್ಗುತ್ತಿದ್ದರು. ನೀರೊಳಗೆ ಕೈ ಹಾಕಿ ಒಂದು ಕಲ್ಲು ಎತ್ತಿ, ಮಗುಚಿ, ಕಣ್ಣಿಗೆ ಹತ್ತಿರ ತಂದು, ಮತ್ತೆ ಇದ್ದ ಹಾಗೇ ಇಡುತ್ತಿದ್ದರು. ಇನ್ನೆರಡು ಹೆಜ್ಜೆ, ಇನ್ನೊಂದು ಕಲ್ಲು. ಗಂಗಮ್ಮನಿಗೆ ಕೈ ಮುಗಿಯುತ್ತಿದ್ದಾರೇನೋ ಎಂದುಕೊಂಡೆ ಮೊದಲು. ಆದರೆ ಕೈ ಮುಗಿಯುವವರು ಅಕ್ಕಪಕ್ಕ ನೋಡುವುದಿಲ್ಲ. ಏನನ್ನೋ ಬಚ್ಚಿಡುತ್ತಾರೆ, ಇಲ್ಲವೇ ಏನನ್ನೋ ಹಾಕುತ್ತಾರೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೇಳಲಿಲ್ಲ. ಅನುಮಾನ ಪಡುವವರಿಗೆ ಕೇಳುವ ಅಭ್ಯಾಸ ಇರುವುದಿಲ್ಲ.

"ಕೆಳಗಿನ ಮಡುವಲ್ಲೂ ಬೀಸಿ ರಂಗಪ್ಪ" ಎಂದರೆ, "ಅಲ್ಲಿ ನಾನ್ ಬೀಸಾಕಿಲ್ಲ ಕಣಮ್ಮ" ಎಂದರು.

"ಯಾಕೆ?"

"ಆ ನೀರು ನಂಗೆ ಸರಿ ಕಾಣಾಕಿಲ್ಲ. ಬುಡಿ, ಬ್ಯಾರೆಯೋರ್ನ ನೋಡ್ಕಳಿ."

ಬೇರೆಯವರು ಸಿಕ್ಕರು. ಕೆಳಗಿನ ಮಡುವಿನ ಮೀನು ಹಿಡಿಯಲು ಟೆಂಡರ್ ಕೂಗಿದ್ದವನು ಬೇಕಾದಷ್ಟು ಕೊಡುತ್ತೇನೆ ಎಂದ. ಅವನ ಮೇಲೂ ನನಗೆ ನಂಬಿಕೆ ಇರಲಿಲ್ಲ. ಬೇರೆ ಕೆರೆಯ ಮೀನು ತಂದು ತೋರಿಸಿದರೆ? ಹಾಗಾಗಿ ದಂಡೆಯ ಮೇಲೆ ಬೆಳಗಿನಿಂದ ಕೂತು, ಕಣ್ಣೆದುರೇ ಬಲೆ ಎಳೆಸಿ, ಬಲೆಯಿಂದ ನೇರ ನನ್ನ ಡಬ್ಬಿಗೆ ಹಾಕಿಸಿಕೊಂಡೆ. ಬಲೆಯವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಹೊಳೆಯುವ ಗೆಂಡೆ, ಜಿಲೇಬಿ ಮೀನು, ಮೈ ಮೇಲೆ ಒಂದು ಕಲೆ ಇಲ್ಲ.

ಬಾಡಿಗೆ ಕೋಣೆಯೊಂದೇ ನಮ್ಮ ಪ್ರಯೋಗಶಾಲೆ. ಮೇಣದ ತಟ್ಟೆ, ಕತ್ತರಿ, ಸೂಕ್ಷ್ಮದರ್ಶಕ, ಮೀನು ಕೆಡದ ಹಾಗೆ ಇಡಲು ಕಣ್ಣಲ್ಲಿ ನೀರು ತರಿಸುವ ಫಾರ್ಮಲಿನ್. ಒಂದೊಂದೇ ಮೀನನ್ನು ಕೊಯ್ದು ಹುಳು ಎಣಿಸುವುದು ಕೆಲಸ. ಮೇಲಿನ ಮಡುವಿನ ಮೀನಿನಲ್ಲಿ ಹುಳುಗಳ ಸಂತೆಯೇ ಇತ್ತು. ಕರುಳಲ್ಲಿ ಬಿಳಿ ದಾರದ ಹಾಗೆ, ಕಣ್ಣೊಳಗೆ ಚಪ್ಪಟೆಯಾಗಿ, ಕಿವಿರಿಗೆ ಕಚ್ಚಿಕೊಂಡು. ಆ ಕರಿ ಚುಕ್ಕೆಯೂ ವಿಷವಲ್ಲ, ಹುಳುವೇ. ಒಂದು ಬಗೆಯ ಹುಳುವಿನ ಮರಿ ಮೀನಿನ ಚರ್ಮ ಹೊಕ್ಕು ಗೂಡು ಕಟ್ಟಿಕೊಂಡು ಕೂರುತ್ತದೆ, ಮೀನಿನ ಮೈ ಅದರ ಸುತ್ತ ಕಪ್ಪು ತುಂಬಿ ಮುಚ್ಚುತ್ತದೆ. ಚೆನ್ನಾಗಿ ಬೇಯಿಸಿದರೆ ಸತ್ತುಹೋಗುತ್ತದೆ, ತಿಂದವರಿಗೆ ಏನೂ ಆಗುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ಇಲ್ಲಿ ಬರೆಯಲೇಬೇಕು.

ಕೆಳಗಿನ ಮಡುವಿನ ಮೀನಿಗೆ ಬಂದಾಗ ಸೊನ್ನೆ. ಕರುಳು ಸೊನ್ನೆ, ಕಣ್ಣು ಸೊನ್ನೆ, ಚರ್ಮ ಸೊನ್ನೆ. ನಮೂನೆಯ ಹಾಳೆಯಲ್ಲಿ ಇದ್ದದ್ದು ಹುಳುವಿನ ಅಂಕಣಗಳು ಮಾತ್ರ. ಹಾಳೆಯ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಸೊನ್ನೆ ಬರೆದೆ. ಜಗತ್ತಿನ ಎಲ್ಲರ ಮೇಲೂ ಅನುಮಾನ ಪಡುವ ನನಗೆ ಆ ಸೊನ್ನೆಗಳ ಮೇಲೆ ಅನುಮಾನ ಬರಲಿಲ್ಲ. ನೋಡಲು ಚೆನ್ನಾಗಿದ್ದವು. ಸಾಹೇಬರಿಗೂ ಚೆನ್ನಾಗಿ ಕಂಡವು.

"ಮೇಲಿನ ಮಡುವಿನ ಮೀನು ರೋಗಪೀಡಿತ. ಕೆಳಗಿನ ಮಡುವಿನ ಮೀನು ಸ್ವಚ್ಛ. ಚುಕ್ಕೆಗೂ ಕಲ್ಲುಗಣಿಗೂ ಸಂಬಂಧವಿಲ್ಲ" ಎಂದು ವರದಿ ಬರೆದು ಸಹಿ ಹಾಕಿದೆ. ಒಂದು ಮಾತೂ ಸುಳ್ಳಲ್ಲ. ಕಂಡದ್ದನ್ನೇ ಬರೆದಿದ್ದೆ.

"ಸುಮ್ನೆ ಫೈಲಿಗೆ ಹಾಕಿದ್ರೆ ಗಾಳಿಮಾತು ನಿಲ್ಲಲ್ಲಮ್ಮ. ಸಂತೇಲಿ ನಿಂತು ಓದಿಬಿಡು" ಎಂದರು ಸಾಹೇಬರು. ಯಾರೋ ಮೈಕು ತಂದುಕೊಟ್ಟರು. ಹುಣಸೆಮರದಿಂದ ನಾಲ್ಕು ಹೆಜ್ಜೆ ಆಚೆ ನಿಂತು ಓದಿದೆ. ಜನ ಮುತ್ತಿಕೊಂಡರು. ಮೇಲಿನ ಮಡು ಎಂದ ಕೂಡಲೇ ಎಲ್ಲರ ತಲೆಯೂ ಮಹಬೂಬಮ್ಮನ ಬುಟ್ಟಿಯ ಕಡೆ ತಿರುಗಿತು. ಅವರ ಮೀನು ಯಾವ ಮಡುವಿನದೆಂದು ಅವರು ಹೇಳದೆ ಇದ್ದದ್ದು ನನಗೊಬ್ಬಳಿಗೇ ಎಂದು ಕಾಣುತ್ತದೆ.

ಅವರು ಎದ್ದು ನಿಂತರು. "ಮೇಡಂ, ಬೇಯಿಸಿ ತಿಂದ್ರೆ ಏನಾಗುತ್ತೆ ಅದನ್ನೂ ಓದಿ."

"ಅದು ವರದೀಲಿ ಇಲ್ಲ."

"ಅಲ್ಲಾ ಕಸಮ್, ನನ್ ಮೊಮ್ಮಕ್ಳಿಗೆ ನಿನ್ನೆ ಇದೇ ಮೀನು ಹಾಕಿದೀನಿ. ಬಾಯಲ್ಲಾದ್ರೂ ಹೇಳಿ, ಏನಾಗುತ್ತೆ?"

ನಾನು ಹೇಳಲಿಲ್ಲ. ಹೇಳಿದರೆ ಈ ಹೆಂಗಸು ಅದನ್ನೇ ಹಿಡಿದುಕೊಂಡು ಜನರನ್ನು ಏಮಾರಿಸುತ್ತಾಳೆ ಎಂಬ ಅನುಮಾನ ಆ ಗಳಿಗೆಯಲ್ಲೂ ನನ್ನೊಳಗೆ ಕೂತಿತ್ತು. ಮೈಕನ್ನು ಪಕ್ಕದವನ ಕೈಗೆ ಕೊಟ್ಟುಬಿಟ್ಟೆ. ಕೊಂಡಿದ್ದವರು ಮೀನು ವಾಪಸು ತಂದು ಬುಟ್ಟಿಗೆ ಎಸೆದರು. ಎರಡು ಸಂತೆಯವರೆಗೆ ಮಹಬೂಬಮ್ಮ ಬಂದು ಖಾಲಿ ಕೂತು ಹೋದರು, ಮೂರನೆಯದಕ್ಕೆ ಬರಲಿಲ್ಲ. ಶಿರಾಕ್ಕೆ, ತಮ್ಮನ ಮನೆಗೆ ಹೋದರಂತೆ.

ರಂಗಪ್ಪನೂ ಬರುವುದನ್ನು ನಿಲ್ಲಿಸಿದರು. ಕೊನೆಯ ಸುತ್ತಿನ ಮೀನು ಬೇಕಿತ್ತು, ಹುಡುಕಿಕೊಂಡು ನಾನೇ ಹೋದೆ. ಸ್ವಾತಿ ಮಳೆ ಆಗ ತಾನೇ ನಿಂತಿತ್ತು. ಮೇಲಿನ ಮಡುವಿನ ದಂಡೆಯಲ್ಲಿ ಹೊಂಗೆಮರದ ಕೆಳಗೆ ಬಲೆ ಹೊಲಿಯುತ್ತಾ ಕೂತಿದ್ದರು. ನನ್ನನ್ನು ನೋಡಿಯೂ ತಲೆ ಎತ್ತಲಿಲ್ಲ. ನನಗೆ ರೇಗಿತು.

"ನಿಮಗೆ ಮುಖ ತೋರಿಸೋಕೆ ನಾಚಿಕೆ, ಅಲ್ವಾ ರಂಗಪ್ಪ? ಆ ಕಲ್ಲುಗಳ ಕೆಳಗೆ ಏನು ಬಚ್ಚಿಡ್ತೀರಾ ಅಂತ ನಂಗೊತ್ತಿಲ್ಲ ಅಂದ್ಕೊಂಡ್ರಾ?"

ರಂಗಪ್ಪ ಸೂಜಿ ನಿಲ್ಲಿಸಿದರು. ಆಮೇಲೆ ಎದ್ದು, "ಬಾರಮ್ಮ. ನೀನೇ ಬಂದು ನೋಡು. ಸೀರೆ ಎತ್ತಿ ಕಟ್ಕೊ" ಎಂದು ನೀರಿಗೆ ಇಳಿದರು.

ಮೊದಲ ಕಲ್ಲು ಎತ್ತಿ ಮಗುಚಿ ನನ್ನ ಅಂಗೈ ಮೇಲಿಟ್ಟರು. ತಳದ ತುಂಬ ಬಸವನಹುಳು, ಕಡಲೆಕಾಳಿನಷ್ಟು, ರಾಗಿಯಷ್ಟು. ಅವುಗಳ ನಡುವೆ ಕಾಲಾಡಿಸುವ ಸಣ್ಣ ಹುಳುಗಳು, ಲೋಳೆಯಲ್ಲಿ ಸುತ್ತಿದ ಮೊಟ್ಟೆ. "ನಮ್ಮಪ್ಪ ತೋರಿಸ್ಕೊಟ್ಟಿದ್ದು. ಹೊಸಾ ನೀರು ಬಂದ್ರೆ ಮೊದ್ಲು ಕಲ್ ನೋಡ್ತೀವಿ. ಇವು ಇದ್ರೆ ಬಲೆ ಬೀಸ್ತೀವಿ. ಅಂತೇ ಕದಮ್ಮಾ, ಅಷ್ಟೇ ಅಲ್ವಾ, ಇನ್ನೇನ್ ಬಚ್ಚಿಡಾನ ನಾನು?" ಎಂದರು. ಕಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು ಇದ್ದ ಕಡೆಯೇ ಇಟ್ಟರು.

ದಂಡೆ ಹಿಡಿದು ಕೆಳಗಿನ ಮಡುವಿಗೆ ನಡೆದೆವು. ಹಳ್ಳದ ಬೂದಿ ನೀರು ಬಿಸಿಲಿಗೆ ಹಾಲಿನ ಹಾಗೆ ಹೊಳೆಯುತ್ತಿತ್ತು. ಒದ್ದೆ ಕಲ್ಲುಪುಡಿಯ ವಾಸನೆ ಗಂಟಲಿಗೆ ಹತ್ತುತ್ತಿತ್ತು. ರಂಗಪ್ಪ ಕಲ್ಲೆತ್ತಿದರು. ತಳದಲ್ಲಿ ಹಿಟ್ಟು ಮೆತ್ತಿದ ಹಾಗೆ ಬೂದಿ ಕೆಸರು. ಬೆರಳಿಂದ ಉಜ್ಜಿದರು. ಖಾಲಿ. ಇನ್ನೊಂದು ಕಲ್ಲು, ಮತ್ತೊಂದು. ನಾನೂ ಎತ್ತತೊಡಗಿದೆ. ಮಡುವಿನ ಉದ್ದಕ್ಕೂ ಎಷ್ಟು ಕಲ್ಲು ಎತ್ತಿದೆನೋ ಗೊತ್ತಿಲ್ಲ, ಉಗುರಲ್ಲಿ ರಕ್ತ ಬಂತು. ಒಂದು ಬಸವನಹುಳುವೂ ಸಿಗಲಿಲ್ಲ. ತಲೆ ಎತ್ತಿ ನೋಡಿದರೆ ಒಂದು ಬೆಳ್ಳಕ್ಕಿಯೂ ಇರಲಿಲ್ಲ. ಅಷ್ಟು ದಿನ ಅದೇ ದಂಡೆಯಲ್ಲಿ ಕೂತು ಬಲೆ ಎಳೆಯುವವರ ಕೈ ಕಾದಿದ್ದೆ, ಹಕ್ಕಿ ಇಲ್ಲ ಎಂಬುದು ಕಣ್ಣಿಗೆ ಬಿದ್ದಿರಲಿಲ್ಲ.

ಕರಿ ಚುಕ್ಕೆಯ ಆ ಹುಳುವಿನ ಬಾಳು ಮೂರು ಮನೆಗಳಲ್ಲಿ ನಡೆಯುತ್ತದೆ. ಹಕ್ಕಿಯ ಹೊಟ್ಟೆಯಲ್ಲಿ ದೊಡ್ಡದಾಗಿ ಮೊಟ್ಟೆಯಿಟ್ಟು, ಹಿಕ್ಕೆಯಲ್ಲಿ ನೀರಿಗೆ ಬಿದ್ದು, ಬಸವನಹುಳುವನ್ನು ಹೊಕ್ಕು ಬೆಳೆದು, ಅಲ್ಲಿಂದ ಮೀನಿನ ಚರ್ಮ ಸೇರಿ, ಮೀನನ್ನು ಹಕ್ಕಿ ತಿಂದಾಗ ಮತ್ತೆ ಮೊದಲ ಮನೆಗೆ. ಪರೀಕ್ಷೆಗೆ ಈ ಚಿತ್ರವನ್ನು ಬಾಣದ ಗುರುತು ಹಾಕಿ ಬಿಡಿಸಿ ಪೂರ್ತಿ ಅಂಕ ತೆಗೆದುಕೊಂಡವಳು ನಾನು. ಮೂರರಲ್ಲಿ ಒಂದು ಮನೆ ಬಿದ್ದರೂ ಹುಳು ಇಲ್ಲ. ಚುಕ್ಕೆ ಇದ್ದ ಮಡು ಬದುಕಿತ್ತು. ನಾನು ಸ್ವಚ್ಛ ಎಂದು ಬರೆದ ಮಡುವಿನಲ್ಲಿ ಹುಳು ಬದುಕುವುದಕ್ಕೂ ಏನೂ ಉಳಿದಿರಲಿಲ್ಲ. ಬೂದಿ ನೀರಲ್ಲಿ ನಿಂತುಕೊಂಡೇ ಅತ್ತೆ. ರಂಗಪ್ಪ ಸಮಾಧಾನ ಮಾಡಲಿಲ್ಲ, ಮಾಡಬೇಕಾದ್ದೂ ಇರಲಿಲ್ಲ.

ಕೋಣೆಗೆ ಬಂದು ಡಬ್ಬಿಯಲ್ಲಿದ್ದ ಕೆಳಗಿನ ಮಡುವಿನ ಮೀನುಗಳನ್ನು ಮತ್ತೆ ತಟ್ಟೆಗೆ ಹಾಕಿಕೊಂಡೆ. ಈ ಸಲ ಹುಳು ಹುಡುಕಲಿಲ್ಲ, ಮೀನನ್ನು ನೋಡಿದೆ. ಕಿವಿರಿನ ಎಳೆಗಳು ದಪ್ಪಗಾಗಿ ಒಂದಕ್ಕೊಂದು ಅಂಟಿದ್ದವು, ನಡುವೆ ನುಣ್ಣನೆಯ ಬೂದಿ. ಪಿತ್ತಜನಕಾಂಗ ಬಣ್ಣಗೆಟ್ಟಿತ್ತು. ನಮೂನೆಯ ಹಾಳೆಯಲ್ಲಿ ಇದಕ್ಕೆ ಅಂಕಣವೇ ಇರಲಿಲ್ಲ, ಹಾಳೆಯ ಅಂಚಿನಲ್ಲಿ ಬರೆದೆ.

ಎರಡನೇ ವರದಿ ಬರೆದು ಸಾಹೇಬರ ಮುಂದಿಟ್ಟೆ. ಓದಿ, ಕನ್ನಡಕ ತೆಗೆದು, "ಒಂದು ತಿಂಗಳ ಹಿಂದೆ ನೀನೇ ಸಹಿ ಹಾಕಿದೀಯಲ್ಲಮ್ಮ. ಈಗ ನಿನ್ ಮೇಲೆ ನಿಂಗೇ ಅನುಮಾನಾನಾ?" ಎಂದರು.

"ಹೌದು ಸರ್."

"ನಂಗೆ ಆ ಮೊದಲ್ನೇದರ ಮೇಲೆ ಅನುಮಾನ ಇಲ್ಲ. ಅದು ಹೋಗಾಯ್ತು."

ನನ್ನ ಹೆಸರಿನಲ್ಲೇ ಕಳಿಸಬೇಕಾದ ಕಡೆಗೆಲ್ಲ ಕಳಿಸಿದೆ. ಯಾರೋ ಬಂದು ಕೆಳಗಿನ ಮಡುವಿನಿಂದ ಒಂದು ಬಾಟಲಿ ನೀರು ತುಂಬಿಕೊಂಡು ಹೋದರಂತೆ. ಬಾಟಲಿಯನ್ನು ಒಂದು ಗಂಟೆ ಇಟ್ಟರೆ ಬೂದಿ ತಳಕ್ಕಿಳಿದು ಮೇಲಿನ ನೀರು ತಿಳಿಯಾಗುತ್ತದೆ. ಮೇಲಿನದನ್ನು ನೋಡಿದರೋ ತಳವನ್ನು ನೋಡಿದರೋ ನನಗೆ ತಿಳಿಯಲಿಲ್ಲ, ಉತ್ತರವೂ ಬರಲಿಲ್ಲ.

ಕಾಗದದ ಒಂದು ಪ್ರತಿ ಹಿಡಿದು ಶಿರಾಕ್ಕೆ ಬಸ್ಸು ಹತ್ತಿದೆ. ಮಹಬೂಬಮ್ಮ ತಮ್ಮನ ಮನೆಯ ಜಗಲಿಯಲ್ಲಿ ಕೂತು ಕಳೆದ ಸುಗ್ಗಿಯ ಹುಣಸೆಹಣ್ಣು ಬಿಡಿಸುತ್ತಿದ್ದರು. ಒಳಗೆ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಿಂತುಕೊಂಡೇ ಇಡೀ ವರದಿ ಓದಿದೆ. ಮೇಲಿನ ಮಡುವಿನ ಮೀನು ಬೇಯಿಸಿ ತಿನ್ನಲು ಯೋಗ್ಯ ಎಂಬ ಸಾಲನ್ನು ಎರಡು ಸಲ ಓದಿದೆ. ತಪ್ಪಾಯಿತು ಎಂದೆ. ಅವರು ಕೈಯ ಅಂಟನ್ನು ನೀರಲ್ಲಿ ತೊಳೆದುಕೊಂಡರು.

"ಮೊದಲ್ನೇ ಕಾಗದ ಸಂತೇಲಿ ನಿಂತು ಮೈಕಲ್ಲಿ ಓದಿದ್ರಿ. ಇದನ್ನ ನನ್ ಒಬ್ಬಳ ಮುಂದೆ ಓದ್ತಿದೀರಾ. ನನ್ ಮೀನು ಚೆನ್ನಾಗಿದೆ ಅಂತ ನಂಗೆ ಗೊತ್ತಿಲ್ವಾ ಮೇಡಂ?"

ಮುಖಕ್ಕೆ ಹೊಡೆದ ಹಾಗಾಯಿತು. "ಸಂತೇಲೂ ಓದ್ತೀನಿ. ನೀವು ಬನ್ನಿ" ಎಂದೆ.

ಬಂದರು. ರಂಗಪ್ಪ ಬೆಳಿಗ್ಗೆಯೇ ಮೇಲಿನ ಮಡುವಿನ ಪಕ್ಕೆ, ಗೆಂಡೆ ಹಿಡಿದು ಬುಟ್ಟಿ ತುಂಬಿಸಿದ್ದರು. ಈ ಸಲ ಮೈಕು ತಂದುಕೊಡುವವರು ಯಾರೂ ಇರಲಿಲ್ಲ. ಅದೇ ಜಾಗದಲ್ಲಿ ನಿಂತು ಗಂಟಲು ಹರಿಯುವ ಹಾಗೆ ಓದಿದೆ. ಜನ ನಿಂತು ಕೇಳಿದರು.

"ಆವತ್ತು ಅಂಗಂದ್ರು, ಈವತ್ತು ಇಂಗಂತಾರೆ" ಎಂದಳು ಸೊಪ್ಪಿನ ಕಟ್ಟು ಹಿಡಿದಿದ್ದ ಹೆಂಗಸು.

"ಕೈ ಬೆಚ್ಚಗಾಗಿರ್ಬೇಕು ಬುಡು" ಎಂದ ಅವಳ ಹಿಂದಿನವನು.

"ಕ್ರಷರ್‌ನೋರು ಏನೋ ಕೊಡ್ಲಿಲ್ಲ ಅನ್ಸುತ್ತೆ, ಅದ್ಕೇ ಉಲ್ಟಾ ಹೊಡೀತಾವ್ಳೆ."

ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು, ನಾನೇ ಎಷ್ಟೋ ಜನರನ್ನು ಹಾಗೆ ನೋಡಿದ್ದೆ. ಯಾರೂ ಏನೂ ಕೊಟ್ಟಿಲ್ಲ, ತಪ್ಪು ಮಾಡಿದ್ದು ನಾನು ಎಂದು ಕೂಗಿದೆ. ಕೂಗಿದಷ್ಟೂ ಕೊಂಕಾಗಿ ನಕ್ಕರು. ಗುಂಪು ಚದುರಿತು. ಹೋಗಿ ಬುಟ್ಟಿಯ ಪಕ್ಕದಲ್ಲಿ ನಿಂತೆ.

"ನಂಬ್ಲಿಲ್ಲ, ಅಲ್ವಾ?" ಎಂದರು ಮಹಬೂಬಮ್ಮ.

"ಇಲ್ಲ."

"ಆವತ್ತು ನಾನೂ ಇಷ್ಟೇ ಜೋರಾಗಿ ಹೇಳಿದ್ದೆ." ಕೋಪದಿಂದ ಅನ್ನಲಿಲ್ಲ. ತಾವು ಕೂತಿದ್ದ ಗೋಣಿಚೀಲವನ್ನು ಸ್ವಲ್ಪ ಸರಿಸಿ ನನಗೆ ಜಾಗ ಮಾಡಿದರು. ಸಂತೆ ಮುಗಿಯುವವರೆಗೂ ಕೂತೆವು. ಒಬ್ಬರೂ ಕೊಳ್ಳಲಿಲ್ಲ.

ಮುಂದಿನ ಸಂತೆಗೂ ಹೋದೆ. ಹುಣಸೆಮರದ ಕೆಳಗೆ ಯಾರೋ ಬೆಳ್ಳುಳ್ಳಿ ಹರಡಿಕೊಂಡಿದ್ದರು. ಎದುರು ಸಾಲಿನಲ್ಲಿ ಕೆಳಗಿನ ಮಡುವಿನ ಮೀನಿಗೆ ಜನ ಮುಗಿಬಿದ್ದಿದ್ದರು. ಮೀನಿನ ರಾಶಿಯ ಮುಂದೆ ಒಂದು ಕಾಗದವನ್ನು ನೆನೆಯದಂತೆ ಲ್ಯಾಮಿನೇಷನ್ ಮಾಡಿಸಿ ನಿಲ್ಲಿಸಿದ್ದರು. ಕೆಳಗೆ ನನ್ನ ಸಹಿ ಇತ್ತು.